ಸೋಮವಾರದ ಉಪ್ಪು

ನಮ್ಮ ಮನೆ ಜೋಗೇಶ್ವರಿಯ ಹಳೆಯ ಬಿಲ್ಡಿಂಗೊಂದರ ನಾಲ್ಕನೆಯ ಮಾಳಿಗೆಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಎಪ್ಪತ್ತೆರಡು ಮೆಟ್ಟಿಲು. ಮದುವೆಯಾಗಿ ಸಿಂದಗಿಯಿಂದ ಬಂದ ಹೊಸತರಲ್ಲಿ ಅವು ನನಗೆ ಲೆಕ್ಕಕ್ಕೇ ಇರಲಿಲ್ಲ. ಕೊತ್ತಂಬರಿ ಮರೆತು ಬಂದರೆ ಮತ್ತೊಮ್ಮೆ ಇಳಿದು ಹತ್ತುತ್ತಿದ್ದೆ. ಅವಳಿ ಮಕ್ಕಳು ಹುಟ್ಟಿದ ಮೇಲೆ ಅದೇ ಮೆಟ್ಟಿಲು ಗೋಡೆಯಾಯಿತು. ಒಂದು ಕೂಸನ್ನು ಎತ್ತಿಕೊಂಡು ಇಳಿಯಬಹುದು. ಎರಡನ್ನು ಎತ್ತಿಕೊಂಡರೆ ಕಟಾಂಜನ ಹಿಡಿಯಲು ಕೈ ಇಲ್ಲ, ಕಾಲ ಕೆಳಗಿನ ಮೆಟ್ಟಿಲೂ ಕಾಣುವುದಿಲ್ಲ. ಒಂದನ್ನು ಮೊದಲು ಕೆಳಗಿಳಿಸಿ ಬಂದು ಆಮೇಲೆ ಇನ್ನೊಂದನ್ನು ಒಯ್ಯೋಣವೆಂದರೆ ಕೆಳಗಿನದನ್ನು ಯಾರ ಕೈಗೆ ಕೊಡುವುದು, ಮೇಲಿನದನ್ನು ಯಾರ ಭರವಸೆಯ ಮೇಲೆ ಬಿಡುವುದು. ಆಸ್ಪತ್ರೆಯಿಂದ ಬಂದು ಆ ಮೆಟ್ಟಿಲು ಹತ್ತಿದವಳು ನಾಲ್ಕು ತಿಂಗಳು ಕೆಳಗಿಳಿಯಲಿಲ್ಲ. ಚುಚ್ಚುಮದ್ದಿನ ದಿನ ಇವರೇ ಅರ್ಧ ದಿನದ ರಜೆ ಹಾಕಿ, ಒಂದನ್ನು ಒಯ್ದು ತಂದು, ಮತ್ತೊಂದನ್ನು ಒಯ್ದು ತಂದರು. ಕೆಳಗಿನ ಓಣಿಯಲ್ಲಿ ಮೀನಿನವಳ ಜಾಗಕ್ಕೆ ಹೊಸಬಳು ಬಂದದ್ದು ನನಗೆ ಅವಳ ಕೂಗಿನಿಂದ ಗೊತ್ತಾಯಿತೇ ಹೊರತು ಅವಳ ಮುಖ ನೋಡಿರಲಿಲ್ಲ.

ಒಂದು ಕೋಣೆ, ಒಂದು ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ಮೋರಿ. ಸೂರಿಗೆ ಒಂದೇ ಕೊಂಡಿ ಇತ್ತು, ಅದಕ್ಕೆ ಹಳೆಯ ಸೀರೆಯ ಜೋಳಿಗೆ. ಒಬ್ಬರು ಜೋಳಿಗೆಯಲ್ಲಿದ್ದರೆ ಇನ್ನೊಬ್ಬರು ಕೌದಿಯ ಮೇಲೆ, ಪಾಳಿಯ ಪ್ರಕಾರ. ಮಗಳು ಸಫಿಯಾ ಹುಟ್ಟುತ್ತಲೇ ಗಟ್ಟಿ. ಅವಳ ಹಿಂದೆ ಹನ್ನೊಂದು ನಿಮಿಷಕ್ಕೆ ಬಂದ ಇದ್ರೀಸ್ ಸಣ್ಣವನು, ಅಳುವುದಕ್ಕೂ ಸುಸ್ತಾಗುವವನು. ಇವರು ಪ್ಲಾಸ್ಟಿಕ್ ಮುಚ್ಚಳ ಮಾಡುವ ಯುನಿಟ್ಟಿನಲ್ಲಿ ಮಶೀನಿನ ಮೇಲೆ ನಿಲ್ಲುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಹೋದರೆ ರಾತ್ರಿಯ ಇಶಾ ನಮಾಜು ಮುಗಿಸಿಕೊಂಡೇ ಬರುವುದು. ಬೆಳಿಗ್ಗೆ ನಲವತ್ತು ನಿಮಿಷ ನೀರು ಬರುತ್ತಿತ್ತು. ಅಷ್ಟರೊಳಗೆ ಡ್ರಮ್ಮು ತುಂಬಬೇಕು, ಲಂಗೋಟಿ ಒಗೆಯಬೇಕು, ಒಬ್ಬರಿಗೆ ಸ್ನಾನ ಮಾಡಿಸಬೇಕು. ಇನ್ನೊಬ್ಬರ ಸ್ನಾನ ನಾಳೆಗೆ. ಆಮೇಲೆ ಇಡೀ ದಿನ ಎದೆ ಬಿಚ್ಚುವುದು, ಮುಚ್ಚುವುದು. ಒಂದು ನಮಾಜೂ ಇಡಿಯಾಗಿ ದಕ್ಕುತ್ತಿರಲಿಲ್ಲ. ಸಫಿಯಾಳನ್ನು ಹೆಗಲಿಗೆ ಹಾಕಿಕೊಂಡು ನಿಂತರೆ ಸಜ್ದಾಕ್ಕೆ ಬಗ್ಗುವಾಗ ಇದ್ರೀಸ್ ಎಚ್ಚರವಾಗುತ್ತಿದ್ದ. ಕಿಟಕಿಯ ಜಾಲರಿಗೆ ಹಣೆ ಹಚ್ಚಿ ನಿಂತು ಒಮ್ಮೊಮ್ಮೆ ಲೋಕಲ್ ಹೋಗುವ ಸದ್ದು ಕೇಳುತ್ತಿದ್ದೆ. ಅದರಲ್ಲಿ ಜೋತು ಬಿದ್ದು ಹೋಗುವವರ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಇದನ್ನು ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ನನ್ನ ಅಮ್ಮೀ ಬದುಕಿದ್ದಾಗ ಒಂದು ಪಾಠ ಕಲಿಸಿದ್ದರು: ದಿನ ಮುಳುಗುವುದರೊಳಗೆ ಒಂದು ಕೈಯ ಐದು ಬೆರಳಿಗೆ ಐದು ದಯೆ ಎಣಿಸಬೇಕು, ಐದು ಸಿಗದಿದ್ದರೆ ನಮ್ಮ ಕಣ್ಣೇ ಸರಿ ಇಲ್ಲವೆಂದು ತಿಳಿಯಬೇಕು. ಎಣಿಸುತ್ತಿದ್ದೆ. ನೀರು ಐದು ನಿಮಿಷ ಹೆಚ್ಚು ಬಂತು. ಎರಡೂ ಒಟ್ಟಿಗೆ ಹತ್ತು ನಿಮಿಷ ಮಲಗಿದವು. ಅಡುಗೆಮನೆಯ ಫರಸಿ ತಂಪಾಗಿತ್ತು. ಎದುರಿನ ಮನೆಯ ಸುಮತಿಯಕ್ಕ ಬಾಗಿಲು ಬಡಿದರು. ಐದನೆಯದಕ್ಕೆ ಕೆಲವು ದಿನ ಕಿರುಬೆರಳು ಹಿಡಿದುಕೊಂಡು ಬಹಳ ಹೊತ್ತು ಕೂರಬೇಕಾಗುತ್ತಿತ್ತು.

ಸುಮತಿಯಕ್ಕ ಉಡುಪಿ ಕಡೆಯವರು. ಅವರ ಯಜಮಾನರು ಸಯನ್‌ನ ಒಂದು ಹೋಟೆಲಿನಲ್ಲಿ ಅಡುಗೆ ಭಟ್ಟರು, ಸೋಮವಾರ ಅವರಿಗೆ ರಜೆ. ಅಕ್ಕನ ಮನೆಮಾತು ತುಳು, ನಮ್ಮದು ದಖನಿ. ನಡುವಿನ ಪ್ಯಾಸೇಜಿನಲ್ಲಿ ಕನ್ನಡ. ಮಕ್ಕಳ ತೂಕ ನೋಡುವ ಉಪಾಯ ಅವರದೇ. ಭಾನುವಾರ ರದ್ದಿ ಒಯ್ಯಲು ಬರುವ ಮುದುಕ ಚಾಚಾನ ಕೊಕ್ಕೆ ತಕ್ಕಡಿಗೆ ಅಕ್ಕನ ಹಳೆಯ ಸೀರೆಯನ್ನು ಚೀಲದಂತೆ ಕಟ್ಟಿ, ಅದರಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಎತ್ತುವುದು. ಚಾಚಾ ಗಂಭೀರವಾಗಿ ಮುಳ್ಳು ನೋಡಿ, “ಈ ಮಾಲಿಗೆ ಕಟ್ಟುವ ಬೆಲೆ ನನ್ನ ಹತ್ತಿರ ಇಲ್ಲ ಬೇಟಿ, ನೀನೇ ಇಟ್ಟುಕೋ” ಎಂದು ಹಿಂದಿಯಲ್ಲಿ ಹೇಳಿ ಚೀಲ ಇಳಿಸುತ್ತಿದ್ದ. ನಾನು ಅಡುಗೆಮನೆಯ ಬಾಗಿಲ ಹಿಂದೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆ. ಸಫಿಯಾಳ ಗೆರೆ ವಾರವಾರ ಮೇಲೆ ಹೋಗುತ್ತಿತ್ತು. ಇದ್ರೀಸನದು ಮೂರೂವರೆ ಕಿಲೋಕ್ಕೆ ಬಂದು ನಿಂತುಬಿಟ್ಟಿತು. ಡಾಕ್ಟರು ಡಬ್ಬಿ ಹಾಲು ಬರೆದುಕೊಟ್ಟಿದ್ದರು. ಕುಡಿಸಿದಷ್ಟನ್ನೂ ಅವನು ನನ್ನ ಹೆಗಲ ಮೇಲೆಯೇ ಕಕ್ಕುತ್ತಿದ್ದ. ಒಂದು ಭಾನುವಾರ, ಎರಡು, ಮೂರು. ಒಂದೇ ಕಡೆ ಗೆರೆಯ ಮೇಲೆ ಗೆರೆ ಬಿದ್ದು ದಪ್ಪಗಾಯಿತು.

ಯಾಕೆ ನಿಂತಿತೆಂದು ನನಗೊಬ್ಬಳಿಗೆ ಗೊತ್ತಿರಬೇಕಾಗಿತ್ತು. ಗೊತ್ತಾಗಲಿಲ್ಲ, ಅಥವಾ ಗೊತ್ತುಮಾಡಿಕೊಳ್ಳಲಿಲ್ಲ. ಹುಟ್ಟಿದಾಗ ಇದ್ರೀಸನನ್ನು ಹದಿನೆಂಟು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಒಂಬತ್ತನೆಯ ದಿನ ನರ್ಸಮ್ಮ ಬಂದು ನನ್ನ ಭುಜ ಮುಟ್ಟಿ ಹೋದಳು. ಆಗ ನಾನು ಬೆಂಚಿನ ಮೇಲೆ ಕೂತು ಮನ್ನತ್ ಮಾಡಿದೆ: ಎರಡೂ ನನ್ನ ಮನೆಗೆ ಬಂದರೆ ಸೋಮವಾರ, ಗುರುವಾರ ಹಿಡಿದು ನಲವತ್ತು ರೋಜಾ ಇಡುತ್ತೇನೆ. ಅವನು ಬಂದ. ನಲವತ್ತು ದಿನದ ಬಾಣಂತನ ಮುಗಿಸಿ ಅತ್ತೆ ವಿಜಯಪುರಕ್ಕೆ ಹೋದ ವಾರವೇ ನಾನು ಮೊದಲನೆಯ ರೋಜಾ ಹಿಡಿದೆ. ಹಾಲುಣಿಸುವವಳಿಗೆ ರಮಜಾನಿನ ಉಪವಾಸಕ್ಕೇ ಮಾಫಿ ಉಂಟು, ಅದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ಇದು ನಾನೇ ಬಾಯಿಬಿಟ್ಟು ಕೊಟ್ಟ ಮಾತು. ತಡ ಮಾಡಿದರೆ ಕೊಟ್ಟವನೇ ಕೊಟ್ಟದ್ದನ್ನು ತಿರುಗಿ ಕೇಳಿಯಾನು ಎಂಬ ಹೆದರಿಕೆ. ಇವರಿಗೆ ಹೇಳಿದರೆ ಬಿಡಿಸುತ್ತಾರೆಂದು ಹೇಳಲಿಲ್ಲ. ಬೆಳಗಿನ ಜಾವದ ಫಜರ್ ನಮಾಜಿಗೆ ಮೊದಲು ಹೇಗೂ ಎದ್ದಿರುತ್ತಿದ್ದೆ, ಎರಡು ತುತ್ತು ತಿಂದು ಒಂದು ಚೊಂಬು ನೀರು ಕುಡಿಯುತ್ತಿದ್ದೆ. ಆಮೇಲೆ ಮುಂಬೈಯ ಬೇಸಿಗೆ, ತಗಡಿನಂಥ ಸೂರು, ಎರಡು ಬಾಯಿ. ಮಧ್ಯಾಹ್ನದ ಹೊತ್ತಿಗೆ ನನ್ನ ನಾಲಿಗೆ ಬಟ್ಟೆಯಂತಾಗುತ್ತಿತ್ತು. ಮೊದಲು ಕುಡಿದ ಸಫಿಯಾ ತುಂಬಿಕೊಂಡು ಮಲಗುತ್ತಿದ್ದಳು. ಆಮೇಲೆ ಬಂದ ಇದ್ರೀಸ್ ಎಳೆದು ಎಳೆದು ಬಿಟ್ಟು ನನ್ನ ಮುಖ ನೋಡುತ್ತಿದ್ದ.

ಸೋಮವಾರದ್ದು ಇನ್ನೊಂದು ಕಷ್ಟ. ಸುಮತಿಯಕ್ಕ ಸೋಮವಾರ ಒಪ್ಪತ್ತು ಮಾಡುವವರು. ಸಂಜೆ ದೀಪ ಹಚ್ಚಿ ಶಿವನಿಗೆ ಕೈ ಮುಗಿಯುವವರೆಗೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಯಜಮಾನರು ಮನೆಯಲ್ಲಿರುವ ದಿನವೂ ಅದೇ, ಹಾಗಾಗಿ ಅಡುಗೆ ಜೋರು. ಮಾಡಿದ ಸಾರಿನ ಉಪ್ಪು ನೋಡಲು ಅವರಿಗೆ ಬಾಯಿಲ್ಲ. ಮೊದಲಿನಿಂದಲೂ ಸೋಮವಾರ ಅವರ ನಾಲಿಗೆ ನಾನೇ. ಹನ್ನೆರಡರ ಸುಮಾರಿಗೆ ಸೌಟು ಹಿಡಿದು ಬಾಗಿಲಿಗೆ ಬರುತ್ತಿದ್ದರು.

“ನೂರಾ, ಸ್ವಲ್ಪ ಉಪ್ಪು ನೋಡು ಮಾರಾಯ್ತಿ. ಇವತ್ತು ನಂಗೆ ಆಗುದಿಲ್ಲ ಅಲ್ವಾ. ಆ ಮನುಷ್ಯ ಹೋಟೆಲಿನಲ್ಲಿ ನೂರು ಜನಕ್ಕೆ ಮಾಡಿ ಹಾಕ್ತಾರೆ, ಮನೆಗೆ ಬಂದ್ರೆ ಪರೀಕ್ಷೆಯ ಮಾಸ್ತರರ ಹಾಗೆ ಕೂತ್ಕೊಳ್ಳುದು.”

ನನಗೂ ಆಗುವುದಿಲ್ಲವೆಂದು ಹೇಗೆ ಹೇಳಲಿ. ಸೌಟು ಇಸಿದುಕೊಂಡು, ಕೂಸು ಅತ್ತಂತಾಯಿತೆಂದು ಒಳಗೆ ಹೋಗಿ, ಮೋರಿಗೆ ಸುರಿದು, ತುಟಿ ಒರೆಸಿಕೊಂಡು ಬರುತ್ತಿದ್ದೆ. “ಬರೋಬ್ಬರಿ ಐತಿ ಅಕ್ಕಾ.” ರೋಜಾದಲ್ಲಿದ್ದು ಸುಳ್ಳು ಹೇಳಿದೆ ಎಂದು ತೌಬಾ ಮಾಡಿಕೊಳ್ಳುತ್ತಿದ್ದೆ, ಮುಂದಿನ ಸೋಮವಾರ ಮತ್ತೆ ಹೇಳುತ್ತಿದ್ದೆ. ಒಂದು ಸಲ ಸಾರಿಗೆ ಉಪ್ಪೇ ಬಿದ್ದಿರಲಿಲ್ಲವಂತೆ. ಆಮೇಲೆ ಅಕ್ಕ ಬಾಗಿಲಿಗೆ ಬಂದು, “ನಿಂಗೆ ಶೀತ ಆಗಿದೆಯಾ?” ಎಂದು ಮಾತ್ರ ಕೇಳಿ ಹೋದರು.

ಹೀಗಿರುವಾಗ ಅತ್ತೆ ಮತ್ತೆ ಬಂದರು. ಅದುವರೆಗೆ ವಿಡಿಯೋ ಕಾಲಿನಲ್ಲಿ ಅವರಿಗೆ ಮಕ್ಕಳ ಮುಖ ಕಾಣುತ್ತಿತ್ತು, ತೊಡೆ ಕಾಣುತ್ತಿರಲಿಲ್ಲ. ಬುಧವಾರ ಬಂದವರು ಗುರುವಾರ ಬೆಳಿಗ್ಗೆ ಇದ್ರೀಸನಿಗೆ ಎಣ್ಣೆ ಹಚ್ಚಲು ಬಟ್ಟೆ ಬಿಚ್ಚಿ ಕೈ ನಿಲ್ಲಿಸಿದರು. ನಮ್ಮ ಅತ್ತೆ ಎಲ್ಲ ಮಾತೂ ದಖನಿಯಲ್ಲಿ ಆಡುವವರು. ನೋವು ಅಥವಾ ಸಿಟ್ಟು ಬಂದರೆ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದರು.

“ಇಲ್ನೋಡ ನೂರಾ. ಕೂಸಿನ ತೊಡಿ ನನ್ನ ಹೆಬ್ಬಟ್ಟಿನಷ್ಟು ಅದಾವ. ಅಕೀ ನೋಡಿದ್ರ ಗುಂಡಗ ಕುಂತಾಳ. ಒಬ್ಬ ತಾಯಿ ಎಷ್ಟಂತ ಕುಡಸ್ತಾಳ, ನಿಂದೇನು ತಪ್ಪು ಅನ್ನಂಗಿಲ್ಲ ನಾ. ಜುಬೇದಾಗ ಆರ ತಿಂಗಳ ಕೂಸೈತಿ, ಎದಿ ತುಂಬ ಹಾಲೈತಿ. ಇವನ್ನ ನಾ ಕರ್ಕೊಂಡು ಹೋಗ್ತೀನಿ. ಒಂದ ವರ್ಷ. ಗಟ್ಟಿ ಮಾಡಿ ತಂದು ನಿನ್ನ ಉಡ್ಯಾಗ ಹಾಕ್ತೀನಿ.”

ಜುಬೇದಾ ನನ್ನ ನಾದಿನಿ, ಒಳ್ಳೆಯವಳು. ಅತ್ತೆಯದೂ ಕೆಟ್ಟ ಮನಸ್ಸಲ್ಲ. ರಾತ್ರಿ ಇವರಿಗೆ ಹೇಳಿದರೆ ಇವರು ಊಟದ ತಾಟಿನ ಮೇಲೆಯೇ ಕಣ್ಣಿಟ್ಟು, “ಅಮ್ಮಾ ಹೇಳೂದ್ರಾಗ ತಪ್ಪೇನೈತಿ, ಕೂಸು ಉಳೀಬೇಕಲ್ಲ” ಎಂದರು. ಮಂಗಳವಾರದ ಗಾಡಿಗೆ ಟಿಕೆಟ್ ಮಾಡಿಸಿಯೂ ಆಯಿತು. ನಮ್ಮ ಧರ್ಮದಲ್ಲಿ ಹಾಲು ಕುಡಿಸಿದವಳು ತಾಯಿಯೇ ಆಗುತ್ತಾಳೆ. ಅವಳ ಮಕ್ಕಳು ಇವನಿಗೆ ಒಡಹುಟ್ಟಿದವರಾಗುತ್ತಾರೆ. ವರ್ಷ ಕಳೆದು ಅವನು ಬರುವುದು ಇನ್ನೊಬ್ಬ ತಾಯಿಯ ಮನೆಯಿಂದ. ಅದನ್ನು ನೆನೆದು ಅಳುತ್ತಿದ್ದೆ ಎಂದು ಬರೆದರೆ ಓದುವವರಿಗೆ ಸರಿ ಕಾಣುತ್ತದೆ, ಅತ್ತದ್ದೂ ನಿಜ. ಆದರೆ ಅತ್ತೆ ಆ ಮಾತು ಆಡಿದ ಮೊದಲ ಕ್ಷಣದಲ್ಲಿ ನನಗೆ ಆದದ್ದು ದುಃಖವಲ್ಲ. ನನ್ನ ಒಂದು ಕೈ ಖಾಲಿಯಾದಂತೆ ಕಂಡಿತು. ಆ ಖಾಲಿ ಕೈಯಲ್ಲಿ ಕಟಾಂಜನ ಹಿಡಿದು, ಸಫಿಯಾಳನ್ನು ಇನ್ನೊಂದರಲ್ಲಿ ಎತ್ತಿಕೊಂಡು, ನಾನು ಎಪ್ಪತ್ತೆರಡು ಮೆಟ್ಟಿಲು ಇಳಿದು ಓಣಿಯಲ್ಲಿ ನಿಂತಿದ್ದೆ. ಮೀನಿನವಳ ಮುಖ ನೋಡುತ್ತಿದ್ದೆ. ಅಷ್ಟೇ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವನನ್ನು ಬೇಡಿ ಪಡೆದವಳು ನಾನು. ಆ ಪಾಪ ತೊಳೆಯಲಿಕ್ಕೆ ನನಗೆ ತಿಳಿದದ್ದು ಒಂದೇ ದಾರಿ, ರೋಜಾ ಬಿಡದೆ ಹಿಡಿಯುವುದು. ಆ ಗುರುವಾರವೂ ಹಿಡಿದಿದ್ದೆ. ಮಧ್ಯಾಹ್ನ ಅತ್ತೆ ಬಡಿಸಿದ ಅನ್ನವನ್ನು ಅವರು ನಮಾಜಿಗೆ ನಿಂತಾಗ ಪಾತ್ರೆಗೇ ವಾಪಸು ಹಾಕಿದೆ. ಸೋಮವಾರ ಹತ್ತೊಂಬತ್ತನೆಯದು. ಅದರಿಂದಲೇ ಏನೋ ಬದಲಾದೀತು, ಟಿಕೆಟ್ ತಪ್ಪೀತು ಎಂದು ನಂಬಿದ್ದೆ.

ಸೋಮವಾರ ಹನ್ನೆರಡಕ್ಕೆ ಅತ್ತೆ ಕೋಣೆಯಲ್ಲಿ ಇದ್ರೀಸನ ಅಂಗಿಗಳನ್ನು ಬೇರೆ ಮಾಡಿ ಚೀಲಕ್ಕೆ ಹಾಕುತ್ತಿದ್ದರು. ಯಾವುದು ಯಾರದ್ದೆಂದು ಹೇಳಲು ನಾನು ಅವರ ಪಕ್ಕದಲ್ಲಿ ಕೂತಿದ್ದೆ. ಸುಮತಿಯಕ್ಕ ಬಂದರು. ಈ ಸಲ ಸೌಟಲ್ಲ, ಬಟ್ಟಲು ತುಂಬ ಸಾರು, ಅದರಲ್ಲೊಂದು ಚಮಚ.

“ನೂರಾ, ಉಪ್ಪು ನೋಡು.”

ನಾನು ಬಟ್ಟಲು ಹಿಡಿದು ಅಡುಗೆಮನೆಗೆ ಹೋದೆ, ಮೋರಿಗೆ ಒಂದು ಚಮಚ ಸುರಿದೆ, ತುಟಿ ಒರೆಸಿಕೊಂಡು ಬಂದೆ. “ಬರೋಬ್ಬರಿ ಐತಿ ಅಕ್ಕಾ.”

“ಸರಿ ಉಂಟಾ? ಹಾಗಾದ್ರೆ ಅಮ್ಮ, ನೀವೂ ಒಂಚೂರು ನೋಡಿ,” ಎಂದು ಅಕ್ಕ ನನ್ನ ಕೈಯಿಂದ ಬಟ್ಟಲು ತೆಗೆದು ಅತ್ತೆಯ ಮುಂದೆ ಹಿಡಿದರು.

ಅತ್ತೆ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿತು. ಎದ್ದು ಹೋಗಿ ಮೋರಿಯಲ್ಲಿ ಉಗುಳಿ, ಎರಡು ಸಲ ಬಾಯಿ ಮುಕ್ಕಳಿಸಿ ಬಂದರು.

“ಇದೇನ್ ಸಮುದ್ರದ ನೀರು ಕಾಸೀದೇನಬೇ?”

“ಹಿಡಿ ಹಿಡಿಯಾಗಿ ಹಾಕಿದ್ದೇನೆ, ಬೇಕಂತಲೇ,” ಎಂದರು ಸುಮತಿಯಕ್ಕ. ನನ್ನ ಮುಖ ನೋಡಲಿಲ್ಲ, ಅತ್ತೆಗೇ ಹೇಳಿದರು. “ಇವಳಿಗೆ ಅದು ಬರೋಬ್ಬರಿ. ಮೊನ್ನೆ ಉಪ್ಪೇ ಹಾಕದ್ದೂ ಬರೋಬ್ಬರಿ. ನಾನು ಹದಿನೈದು ವರ್ಷದಿಂದ ಸೋಮವಾರ ಮಾಡುವವಳು ಅಮ್ಮ. ಉಪವಾಸ ಇದ್ದವರು ಸೌಟನ್ನು ಹೇಗೆ ಹಿಡೀತಾರೆ ಅಂತ ನಂಗೆ ಗೊತ್ತುಂಟು. ಮಗು ಯಾಕೆ ಏಳುದಿಲ್ಲ ಅಂತ ಚಾಚಾನ ತಕ್ಕಡಿಯನ್ನು ಕೇಳುದಲ್ಲ, ಇವಳನ್ನು ಕೇಳಿ.”

ಜೋಳಿಗೆಯಲ್ಲಿ ಸಫಿಯಾ ಕಾಲು ಬಡಿಯುತ್ತಿದ್ದಳು. ನಾನು ನೆಲ ನೋಡಿಕೊಂಡೇ ಎಲ್ಲವನ್ನೂ ಹೇಳಿದೆ, ಗಾಜಿನ ಪೆಟ್ಟಿಗೆ, ಆಸ್ಪತ್ರೆಯ ಬೆಂಚು, ನಲವತ್ತು. ಖಾಲಿ ಕೈಯ ವಿಷಯ ಒಂದನ್ನು ಬಿಟ್ಟು. ಅತ್ತೆ ಬಹಳ ಹೊತ್ತು ಆ ಸಣ್ಣ ಅಂಗಿಯನ್ನು ಮಡಿಸಿ ಬಿಚ್ಚಿ ಮಡಿಸಿ ಮಾಡಿದರು.

“ಎಷ್ಟಾದವು?”

“ಇವತ್ತಿಂದು ಹತ್ತೊಂಬತ್ತು.”

“ನೀ ಕೇಳಿದಿ, ಆಂವ ಕೊಟ್ಟ. ಕೂಸು ಮನಿಗೆ ಬಂತು. ಈಗ ಆ ಕೂಸಿನ ಬಾಯಾಂದ ಕಸಗೊಂಡು ಆಂವಗ ತೀರಸಾಕತ್ತಿಯೇನ? ಆಂವ ಹಂಗ ಇಸಗೊಳ್ಳಾಂವ ಅಂತ ತಿಳದೀಯೇನ?”

ಬೈಗುಳವೇ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ದನಿ ಮೆಲ್ಲಗಿತ್ತು. ಎದ್ದು ಹೋಗಿ ಚೊಂಬು ತುಂಬ ನೀರು ತಂದು ನನ್ನ ತುಟಿಗೆ ಹಿಡಿದರು. ರೋಜಾ ಬಿಡುವ ಮಗ್ರಿಬಿನ ಹೊತ್ತಿಗೆ ಇನ್ನೂ ಆರು ಗಂಟೆ ಇತ್ತು. ಬಿಸ್ಮಿಲ್ಲಾ ಎಂದು ಕುಡಿದೆ, ಗುಟುಕಿನ ಸದ್ದು ನನಗೇ ಕೇಳುವಷ್ಟು ಜೋರಾಗಿ. ಇದ್ರೀಸನನ್ನು ಕೌದಿಯಿಂದ ಎತ್ತಿ ಅತ್ತೆಯೇ ನನ್ನ ಮಡಿಲಿಗಿಟ್ಟರು. ಸಫಿಯಾ ಅತ್ತಳು. ಅವಳನ್ನು ಸುಮತಿಯಕ್ಕ ಎತ್ತಿಕೊಂಡು ಹೊರಗೆ ಪ್ಯಾಸೇಜಿಗೆ ಹೋದರು, “ಬಾ ಹೆಣ್ಣೇ, ಇವತ್ತು ನಿನ್ನದು ಎರಡನೇ ಪಾಳಿ” ಎನ್ನುತ್ತ.

ಸಂಜೆ ಅತ್ತೆ ತಳಮಾಳಿಗೆಯಲ್ಲಿ ಹುಡುಗಿಯರಿಗೆ ಕುರಾನ್ ಓದಿಸುವ ಆಪಾ ಅವರನ್ನು ಮೇಲೆ ಕರೆದುಕೊಂಡು ಬಂದರು. ಆಪಾಗೆ ಮಂಡಿ ನೋವು, ಪ್ರತಿ ಮಾಳಿಗೆಯಲ್ಲೂ ಕೂತು ಕೂತು ಬಂದರು. ಏದುಸಿರು ಇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

“ಇಷ್ಟರೊಳಗೆ ಮುಗಿಸ್ತೀನಿ ಅಂತ ಗಡುವು ಹೇಳಿದ್ದೆಯೇನಮ್ಮ?”

“ಇಲ್ಲ ಆಪಾ.”

“ಹಾಗಾದರೆ ಮಕ್ಕಳು ಹಾಲು ಬಿಟ್ಟ ಮೇಲೆ ಇಡು. ಅಲ್ಲಿಯವರೆಗೆ ಚೆನ್ನಾಗಿ ತಿನ್ನು. ಗಡುವು ಹೇಳದೇ ಇದ್ದದ್ದು ನಿನ್ನ ಜಾಣತನ ಅಲ್ಲ, ಅವನ ದಯೆ.”

ಆ ದಿನ ಹೆಬ್ಬೆರಳಿಗೆ ಅದನ್ನೇ ಎಣಿಸಿಕೊಂಡೆ.

ಅತ್ತೆ ಮಂಗಳವಾರ ಹೋಗಲಿಲ್ಲ. ಆದರೆ ಇದ್ರೀಸನ ಚೀಲವನ್ನೂ ಬಿಚ್ಚಲಿಲ್ಲ, ಬಾಗಿಲ ಬಳಿಯೇ ಇಟ್ಟರು. “ಮೂರು ಆಯಿತವಾರ ನೋಡ್ತೀನಿ. ಮುಳ್ಳು ಏರಲಿಲ್ಲಂದ್ರ ನನ್ನ ಕೂಡ ಜಗಳಾಡಬ್ಯಾಡ.” ಆ ಇಪ್ಪತ್ತು ದಿನ ನಾನು ತಿಂದಷ್ಟು ನನ್ನ ಜನ್ಮದಲ್ಲಿ ತಿಂದಿರಲಿಲ್ಲ. ಸಜ್ಜೆ ರೊಟ್ಟಿ, ಮೆಂತ್ಯದ ಪಲ್ಯ, ಅಂಟಿನ ಉಂಡಿ. ಎದುರು ಮನೆಯಿಂದ ಗಂಜಿ, ಹುರುಳಿ ಸಾರು. ಅತ್ತೆ ಇದ್ರೀಸನಿಗೆ ಮೊದಲು, ಸಫಿಯಾಳಿಗೆ ಆಮೇಲೆ ಎಂದು ಪಾಳಿ ತಿರುಗಿಸಿದರು. ಸಫಿಯಾ ಇಡೀ ಬಿಲ್ಡಿಂಗಿಗೆ ಕೇಳುವಂತೆ ಜಗಳ ತೆಗೆದಳು. ಮೂರು ದೊಡ್ಡವರು, ಎರಡು ಕೂಸು, ಒಂದು ಕೋಣೆ, ಮಗ್ಗುಲಾಗಲು ಜಾಗವಿಲ್ಲ. ಅತ್ತೆ ನಾನು ನುಂಗುವ ಪ್ರತಿ ತುತ್ತನ್ನೂ ನೋಡುತ್ತ ಕೂತಿರುತ್ತಿದ್ದರು. ಇವರು ಬಾಗಿಲ ಬಳಿಯ ಚೀಲವನ್ನು ದಾಟಿ ಒಳಬರುತ್ತಿದ್ದರು, ದಾಟಿ ಹೊರಹೋಗುತ್ತಿದ್ದರು, ಒಂದು ದಿನವೂ ಅದನ್ನು ಸರಿಸಲಿಲ್ಲ. ಮೊದಲ ಭಾನುವಾರ ಮುಳ್ಳು ಅಲ್ಲೇ ನಿಂತಿತು. ಎರಡನೆಯ ಭಾನುವಾರ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಚಾಚಾ ತಕ್ಕಡಿಯನ್ನು ಒಮ್ಮೆ ಅಲ್ಲಾಡಿಸಿ, ಸೀರೆಯ ಚೀಲ ನಿಲ್ಲುವವರೆಗೆ ಕಾದು, “ಬೇಟಿ, ಮಾಲು ಭಾರ ಆಗುತ್ತಿದೆ” ಎಂದ. ಬಾಗಿಲ ಹಿಂದಿನ ದಪ್ಪ ಗೆರೆಯ ಮೇಲೆ, ಒಂದು ಬೆರಳು ಅಂತರದಲ್ಲಿ, ಹೊಸ ಗೆರೆ ಎಳೆದೆ. ಮೂರನೆಯ ಭಾನುವಾರ ಇನ್ನೊಂದು. ಅತ್ತೆ ತಾವೇ ಬಗ್ಗಿ ಚೀಲ ಬಿಚ್ಚಿ ಅಂಗಿಗಳನ್ನು ಗೂಟಕ್ಕೆ ಹಾಕಿದರು.

ಹೋಗುವ ದಿನ ಅವರು ನನ್ನ ತಲೆಯ ಮೇಲೆ ಕೈಯಿಟ್ಟು, “ಇನ್ನ ಎರಡೂ ನಿನ್ನೂವ, ಸಂಭಾಳಸು” ಎಂದರು. ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಇವರು ಅವರನ್ನು ಗಾಡಿ ಹತ್ತಿಸಿ ಅಲ್ಲಿಂದಲೇ ಕೆಲಸಕ್ಕೆ ಹೋಗುವವರಿದ್ದರು. ಬಾಗಿಲು ಹಾಕಿಕೊಂಡೆ. ಮತ್ತೆ ಅದೇ ಜಾಲರಿ, ಅದೇ ಒಂದು ಕೊಂಡಿ, ಕೌದಿಯ ಮೇಲೆ ಒಬ್ಬರು, ಜೋಳಿಗೆಯಲ್ಲಿ ಒಬ್ಬರು, ಇಬ್ಬರೂ ಅಳುತ್ತಿದ್ದರು. ಆಗ ಮತ್ತೆ ಆ ಖಾಲಿ ಕೈ ನೆನಪಾಯಿತು. ಕಳಿಸಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿಯೇ ಇಲ್ಲವೆಂದು ಈಗ ಬರೆದರೆ ಅದು ಇನ್ನೊಂದು ಬರೋಬ್ಬರಿ ಆಗುತ್ತದೆ. ಆದರೆ ಈ ಸಲ ಅದಕ್ಕೆ ಹೆದರಲಿಲ್ಲ, ರೋಜಾ ಹಿಡಿಯಲಿಲ್ಲ. ಎದ್ದು ಒಂದು ಚೊಂಬು ನೀರು ಕುಡಿದು ಇಬ್ಬರನ್ನೂ ಎತ್ತಿಕೊಂಡೆ. ಉಳಿದ ಇಪ್ಪತ್ತೆರಡು ರೋಜಾಗಳನ್ನು ಮಕ್ಕಳಿಗೆ ಎರಡು ವರ್ಷ ತುಂಬಿದ ಮೇಲೆ ತೀರಿಸಿದೆ. ನೀರು ಕುಡಿದು ಮುರಿದದ್ದಕ್ಕೆ ಬೇರೆ ಒಂದು ಹಿಡಿದದ್ದು ಅದರಲ್ಲಿ ಸೇರಿದೆ. ಆ ಸೋಮವಾರಗಳಲ್ಲಿ ಸುಮತಿಯಕ್ಕ ಉಪ್ಪು ನೋಡಿಸಲು ಮೂರನೆಯ ಮಾಳಿಗೆಗೆ ಇಳಿಯಬೇಕಾಯಿತು, ಅದಕ್ಕೆ ನನ್ನನ್ನು ಬೈದೂ ಬೈದರು.

ಅದು ಆಮೇಲಿನ ಮಾತು. ಅತ್ತೆ ಹೋದ ಮೇಲೆ ಬಂದ ಮೊದಲ ಸೋಮವಾರ. ಹನ್ನೆರಡಕ್ಕೆ ಬಾಗಿಲು ಬಡಿದ ಸದ್ದಾಯಿತು. ಚಿಲಕವನ್ನು ಮೊಣಕೈಯಿಂದ ಸರಿಸಿದೆ. ಸಫಿಯಾ ಎಡಗೈಯಲ್ಲಿ, ಇದ್ರೀಸ್ ಬಲಗೈಯಲ್ಲಿ. ಎಣಿಸಲು ಬೆರಳೂ ಖಾಲಿ ಇರಲಿಲ್ಲ. ಸುಮತಿಯಕ್ಕ ಸೌಟು ಹಿಡಿದು ನಿಂತಿದ್ದರು. ಇಸಿದುಕೊಳ್ಳಲು ನನಗೆ ಕೈಯಿಲ್ಲವೆಂದು ಅವರಿಗೂ ಕಂಡಿತು. ಸೌಟನ್ನು ಎರಡು ಸಲ ಊದಿ, ಕೆಳಗೆ ಅಂಗೈ ಹಿಡಿದು, ನನ್ನ ತುಟಿಯ ಹತ್ತಿರ ತಂದರು.

“ನೋಡಿ ಹೇಳು. ಸುಳ್ಳು ಹೇಳಿದ್ರೆ ಇದನ್ನೇ ತಲೆ ಮೇಲೆ ಸುರೀತೇನೆ.”

ಬಾಯಿ ತೆರೆದೆ. ಹುಳಿ, ಬೆಲ್ಲ, ಇಂಗು, ತೆಂಗಿನೆಣ್ಣೆಯ ಒಗ್ಗರಣೆ. ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದೆ.

“ಉಪ್ಪು ಒಂಚೂರು ಕಮ್ಮಿ ಐತಿ ಅಕ್ಕಾ.”